ಸುಗಟೂರು ಪ್ರಭುಗಳ ಒಕ್ಕಲುತನ

ಪಾಳೆಯಗಾರರನ್ನು ಕೋಟೆಕೊತ್ತಲಗಳಿಂದ ಅಳೆಯುವುದು ವಾಡಿಕೆ. ಆದರೆ ಕೋಲಾರ ಸೀಮೆಯ ಸುಗಟೂರು ಪ್ರಭುಗಳ ಮೂಲವನ್ನು ನೇಗಿಲಿನಲ್ಲಿಯೇ ಅರಸಬೇಕು. ಕಂಚಿಯ ಕಡೆಯ ಮೊರಸು ಒಕ್ಕಲಿಗರ ಕುಟುಂಬವೊಂದು, ಅಲ್ಲಿನ ಅಧಿಪತಿಯು ತಮ್ಮ ಕನ್ಯೆಯನ್ನು ಬಲಾತ್ಕಾರದಿಂದ ಬಯಸಿದನಾಗಿ, ಇರುಳಿನಲ್ಲಿ ಬಂಡಿ ಕಟ್ಟಿಕೊಂಡು ಹೊರಟು ಆವತಿಯಲ್ಲಿ ನೆಲಸಿ ಆರಂಭಮಾಡಿತೆಂದು ಐತಿಹ್ಯವುಂಟು. ಈ ವಂಶದ ಮಲ್ಲಬೈರೇಗೌಡನು 1501ರಲ್ಲಿ ದೇವನಹಳ್ಳಿಯ ಕೋಟೆಯನ್ನು ಕಟ್ಟಿಸಿದನು. ಸುಗಟೂರಿನವರೂ ಇದೇ ಬಳ್ಳಿಯ ಕವಲೆಂದು ಹೇಳುವರು.

ಐತಿಹ್ಯವನ್ನು ಶಾಸನದಂತೆ ಪ್ರಮಾಣವೆಂದು ಎಣಿಸಲಾಗದು, ನಿಜ. ಆದರೂ ಅದಕ್ಕೆ ಪೋಷಕವಾದ ಎರಡು ಸಂಗತಿಗಳಿವೆ. ಮೊದಲನೆಯದು ಹೆಸರು. ವಿಜಯನಗರದ ಆಶ್ರಯದಲ್ಲಿ ಚಿಕ್ಕರಾಯನೆಂಬ ಬಿರುದನ್ನು ಪಡೆದ ಮೇಲೆಯೂ ಶಾಸನಗಳಲ್ಲಿ ಈ ಪ್ರಭುವು ತಮ್ಮೇಗೌಡನೇ ಆಗಿರುವನು. ರಾಯಪದವಿಯು ಗೌಡಿಕೆಯನ್ನು ಮರೆಯಿಸಲಿಲ್ಲ. ಎರಡನೆಯದು ಆಚಾರ. ಮೊರಸು ಒಕ್ಕಲಿನಲ್ಲಿ ಬಂಡಿದೇವರ ಪೂಜೆಯು ನಡೆದುಬಂದಿದೆ.

1638ರ ದಂಡಯಾತ್ರೆಯ ತರುವಾಯ ಕೋಲಾರವು ಬಿಜಾಪುರದ ವಶವಾಗಿ ಷಹಾಜಿಯ ಜಹಗೀರಿಗೆ ಸೇರಿತು. ಪ್ರಭುತ್ವವು ಅಳಿಯಿತು, ಒಕ್ಕಲುತನವು ಉಳಿಯಿತು. ಈ ಮನೆತನದ ಮೊದಲ ಮನೆ ಯಾವುದೆಂದು ಕೇಳುವವರು ಕೋಟೆಯ ಕಡೆಗಲ್ಲ, ಆ ಬಂಡಿಯ ಕಡೆಗೆ ನೋಡುವುದು ಯುಕ್ತ. ಒಕ್ಕಲಿನ ಚರಿತ್ರೆಯನ್ನು ಬಿಟ್ಟು ಬರೆದ ಪಾಳೆಯಗಾರರ ಚರಿತ್ರೆಯು ಬೇರಿಲ್ಲದ ಮರದಂತೆ.