ಮಾಗಿಯ ಮುಂಜಾನೆಯೂ ಕೂಲಿಮಠವೂ

ನಮ್ಮ ಶಾಸನಗಳು ಅರಸರ ಗೆಲವನ್ನೂ ಒಡೆಯರ ದತ್ತಿಯನ್ನೂ ಹೇಳುವುವಲ್ಲದೆ, ಮಾಗಿಯ ಒಂದು ಮುಂಜಾನೆ ತಾಯಿಯು ಮಗನನ್ನು ಎಬ್ಬಿಸಿ, ಮೀಯಿಸಿ, ಓದುವುದಕ್ಕೆ ಕಳುಹಿದ ಬಗೆಯನ್ನು ಹೇಳುವುದಿಲ್ಲ. ಮನೆಮನೆಯಲ್ಲಿ ದಿನವೂ ನಡೆಯುವುದನ್ನು ಕಲ್ಲಿನಲ್ಲಿ ಕೊರೆಯಿಸುವವರಾರು? ಆದರೂ ಬಳ್ಳಾರಿ ಸೀಮೆಯ ಮಟ್ಟಿಗೆ ಈ ಕೊರತೆಯನ್ನು ತಕ್ಕಷ್ಟು ತುಂಬಿಕೊಡುವ ಒಂದು ಪತ್ರವು ಉಳಿದುಬಂದಿದೆ. ಅದು ಆ ಜಿಲ್ಲೆಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನು 1823ನೆಯ ಇಸವಿ ಆಗಸ್ಟ್ 17ರಂದು ಮದರಾಸಿನ ರೆವಿನ್ಯೂ ಬೋರ್ಡಿಗೆ ಬರೆದುದು.

ಈ ಪತ್ರ ಹುಟ್ಟಿದ ಬಗೆ ಹೀಗೆ. ನಿಜಾಮನು 1800ರಲ್ಲಿ ಈ ಸೀಮೆಯನ್ನು ಕಂಪೆನಿಗೆ ಬಿಟ್ಟುಕೊಟ್ಟಾಗ ಅಲ್ಲಿಯ ಮುಖ್ಯ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಅವನೇ ಮುಂದೆ ಮದರಾಸಿನ ಗವರ್ನರನಾಗಿ, ನಾಡಿನಲ್ಲಿ ಓದು ಬರಹಗಳ ಸ್ಥಿತಿ ಹೇಗಿದೆಯೆಂದು ತಿಳಿಯುವುದಕ್ಕಾಗಿ 1822ನೆಯ ಜೂನ್ 25ರಂದು ವಿಚಾರಣೆಗೆ ಅಪ್ಪಣೆಮಾಡಿದನು. ಬಂದ ಉತ್ತರಗಳಲ್ಲಿ ಹಲವು ಬರಿಯ ಅಂಕೆಗಳ ಪಟ್ಟಿಗಳು. ಕ್ಯಾಂಬೆಲ್ಲನು ದೇಶಭಾಷೆಗಳನ್ನು ಬಲ್ಲವನು, ತೆಲುಗಿಗೆ ವ್ಯಾಕರಣವನ್ನೂ ನಿಘಂಟನ್ನೂ ಬರೆದವನು; ಆದಕಾರಣ ಅವನು ಅಂಕೆಗಳ ಜೊತೆಗೆ ತಾನು ಕಂಡುಕೇಳಿದ ಪದ್ಧತಿಗಳನ್ನೂ ವಿವರವಾಗಿ ಬರೆದನು. ಧರ್ಮಪಾಲರು 1983ರಲ್ಲಿ ಈ ದಾಖಲೆಗಳನ್ನು ಒಂದುಗೂಡಿಸಿ ಅಚ್ಚುಹಾಕಿಸಿದ ಮೇಲೆ ಇದು ಸಾಮಾನ್ಯ ವಾಚಕರ ಕೈಗೂ ಎಟುಕುವಂತಾಯಿತು.

ಮಗುವಿಗೆ ಐದು ವರ್ಷ ತುಂಬಿದಾಗ ಅದು ಮಠಕ್ಕೆ ಹೋಗುವುದಕ್ಕಿಂತ ಮೊದಲು ಮಠವೇ ಮನೆಗೆ ಬರುತ್ತಿತ್ತು. ತಂದೆತಾಯಿಗಳು ಐಗಳನ್ನೂ ಅವರ ಶಿಷ್ಯರನ್ನೂ ಮನೆಗೆ ಕರೆಸುವರು. ಎಲ್ಲರೂ ಗಣಪತಿಯ ಮೂರ್ತಿಯ ಸುತ್ತ ಕುಳಿತುಕೊಳ್ಳುವರು. ಮಗುವನ್ನು ದೇವರಿಗೆ ಎದುರಾಗಿ ಕೂರಿಸುವರು. ಐಗಳು ಧೂಪವನ್ನು ಹಾಕಿ, ನೈವೇದ್ಯವನ್ನು ಅರ್ಪಿಸಿ, ಬುದ್ಧಿಯನ್ನು ಕೊಡೆಂಬ ಪ್ರಾರ್ಥನೆಯನ್ನು ಮಗುವಿನ ಬಾಯಲ್ಲಿ ನುಡಿಯಿಸುವರು. ಬಳಿಕ ಅದರ ಬೆರಳನ್ನು ಹಿಡಿದು ಅಕ್ಕಿಯಲ್ಲಿ ದೇವರ ಹೆಸರನ್ನು ಬರೆಯಿಸುವರು. ಮನೆಯವರು ತಮ್ಮ ಶಕ್ತಿಗೆ ತಕ್ಕಂತೆ ಕೊಟ್ಟ ಕಾಣಿಕೆಯನ್ನು ತೆಗೆದುಕೊಂಡು ಐಗಳು ಹಿಂದಿರುಗುವರು. ಮಾರನೆಯ ಬೆಳಗಿನಿಂದ ಮಗುವಿನ ಓದು ಮೊದಲಾಗುವುದು. ಉಣ್ಣುವ ಅಕ್ಕಿಯೇ ಮೊದಲ ಅಕ್ಷರದ ಹಲಗೆಯಾಗುತ್ತಿದ್ದುದರಿಂದ, ಅಡಿಗೆಮನೆ, ದೇವರಮನೆ, ಮಠ ಈ ಮೂರೂ ಮಗುವಿನ ಮನಸ್ಸಿನಲ್ಲಿ ಬೇರೆಬೇರೆಯಾಗಿ ನಿಲ್ಲುತ್ತಿರಲಿಲ್ಲ.

ಮಠವು ತೆರೆಯುವ ಹೊತ್ತು ಬೆಳಗಿನ ಆರು ಗಂಟೆಯೆಂದು ಕ್ಯಾಂಬೆಲ್ಲನು ಬರೆಯುತ್ತಾನೆ. ಯಾವ ಋತುವೆಂಬುದನ್ನು ಅವನು ಹೇಳಿಲ್ಲ. ಆದರೆ ಧನುರ್ಮಾಸದ ದಿನಗಳಲ್ಲಿ ಬಳ್ಳಾರಿಯ ಕಡೆ ಆರು ಗಂಟೆಯೆಂದರೆ, ಅಂದಿನ ಸ್ಥಳದ ವೇಳೆಯಂತೆ, ಸೂರ್ಯೋದಯಕ್ಕೆ ಇನ್ನೂ ಸುಮಾರು 20 ನಿಮಿಷವಿರುವ ಹೊತ್ತು. ಬೇಸಗೆಯಲ್ಲಿ ಬೆಂಕಿಯಂತೆ ಕಾಯುವ ಆ ಕರಿಯ ಎರೆಯ ಬಯಲು ಮಾಗಿಯಲ್ಲಿ ಇರುಳೆಲ್ಲ ತಣ್ಣಗಾಗಿ, ಬೆಳಗಿನ ಜಾವಕ್ಕೆ ಮೂಡಗಾಳಿಯನ್ನು ಬೀಸುತ್ತದೆ. ಆ ಚಳಿಯಲ್ಲಿಯೇ ಮನೆಗಳ ಪೂಜೆಯೂ ಹಿಂದಕ್ಕೆ ಸರಿಯದೆ ಮುಂದಕ್ಕೆ ಬರುವುದು. ಧನುರ್ಮಾಸದ ಪೂಜೆಯು ಅರುಣೋದಯದಲ್ಲಿಯೇ ಆಗಬೇಕೆಂಬುದು ಸಂಪ್ರದಾಯ. ಆದುದರಿಂದ ಮನೆಯ ಹೆಂಗಸರು ಅದಕ್ಕೂ ಮೊದಲೇ ಎದ್ದು, ಅಂಗಳ ಸಾರಿಸಿ, ರಂಗೋಲೆಯಿಟ್ಟು, ಹಂಡೆಯ ಒಲೆಗೆ ಬೆಂಕಿ ಮಾಡಿ, ಅಕ್ಕಿಯನ್ನೂ ಹೆಸರುಬೇಳೆಯನ್ನೂ ಬೇಯಿಸಿ ಮೆಣಸು, ಶುಂಠಿ, ತುಪ್ಪ ಬೆರೆಸಿದ ಹುಗ್ಗಿಯನ್ನು ನೈವೇದ್ಯಕ್ಕೆ ಅಣಿಮಾಡಬೇಕು. ದೇವರಿಗೆ ಅರ್ಪಿತವಾದ ಆ ಬಿಸಿ ಹುಗ್ಗಿಯೇ ಚಳಿಯಲ್ಲಿ ಮಕ್ಕಳ ಒಡಲಿಗೆ ಕಾವು. ಲಿಂಗವಂತರ ಮನೆಯಲ್ಲಿ ಹುಡುಗನು ಮಿಂದು, ಹಣೆಗೆ ವಿಭೂತಿಯಿಟ್ಟು, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಪೂಜಿಸಿದಲ್ಲದೆ ಬಾಯಿಗೆ ಏನನ್ನೂ ಹಾಕುವಂತಿಲ್ಲ. ಮುಸಲ್ಮಾನರ ಮನೆಯಲ್ಲಿಯೂ ಬೆಳಗಿನ ನಮಾಜು ಸೂರ್ಯನು ಮೂಡುವುದಕ್ಕೆ ಮುಂಚೆಯೇ ಮುಗಿಯಬೇಕು. ಮತಗಳು ಬೇರೆಯಾದರೂ ಚಳಿಗೆ ಮುದುಡಿಕೊಂಡು ಮಲಗಿರಬಾರದೆಂಬ ಕಟ್ಟಳೆ ಎಲ್ಲರಿಗೂ ಒಂದೇ ಆಗಿತ್ತು.

ಕಂಬಳಿಯ ಕೊಪ್ಪೆ ಹಾಕಿಕೊಂಡು ಮಠದ ಬಾಗಿಲಿಗೆ ಓಡಿಬಂದ ಹುಡುಗನಿಗೆ ಅಲ್ಲಿ ಇನ್ನೊಂದು ಕಟ್ಟಳೆ ಕಾದಿರುತ್ತಿತ್ತು. ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಐಗಳು ಸರಸ್ವತಿಯ ಹೆಸರನ್ನು ಬರೆಯುವರು; ಅದು ಅವನಿಗೆ ಮನ್ನಣೆ. ಎರಡನೆಯವನ ಅಂಗೈಯಲ್ಲಿ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆಯೇ ಹಿಂದೆ ಬಂದಂತೆಲ್ಲ ಒಂದೊಂದು ಹೆಚ್ಚು. ಇಂಗ್ಲಿಷ್ ಅಧಿಕಾರಿಗೆ ಇದು ಶಿಸ್ತಿನ ಒಂದು ವಿಚಿತ್ರ ಉಪಾಯವಾಗಿ ಕಂಡಿರಬಹುದು. ಆದರೆ ಮನೆಯ ಆಚಾರವನ್ನು ಬಲ್ಲವರಿಗೆ ಇದು ಹೊಸದಲ್ಲ. ಬೆಳಗಿನ ಸಂಧ್ಯಾವಂದನೆಯು ನಕ್ಷತ್ರಗಳು ಕಾಣುತ್ತಿರುವಾಗ ಉತ್ತಮ, ಅವು ಮರೆಯಾದಾಗ ಮಧ್ಯಮ, ಸೂರ್ಯನು ಮೂಡಿದ ಮೇಲೆ ಅಧಮ ಎಂದು ಶಾಸ್ತ್ರವು ಹೊತ್ತಿಗೆ ಮೂರು ತರಗಳನ್ನು ಕಟ್ಟಿದೆ. ಮಠದ ಬಾಗಿಲಿನಲ್ಲಿ ಹೆಸರು, ಸೊನ್ನೆ, ಏಟು ಎಂದು ಆದುದು ಇದೇ ಎಣಿಕೆಯ ಮಕ್ಕಳ ರೂಪವೆಂದರೆ ತಪ್ಪಾಗಲಾರದು. ಬೇಗನೆ ಏಳುವುದು ದೇವರಿಗೆ ಸಲ್ಲುವ ಸೇವೆಯೆಂದು ಮನೆಯಲ್ಲಿ ಕಲಿತುದನ್ನು ಹುಡುಗನು ಮಠದಲ್ಲಿ ಅಂಗೈಯಲ್ಲಿ ಹೊತ್ತು ತರುತ್ತಿದ್ದನು.

ಒಳಗೆ ದಂಡನೆಯೂ ಕಡಿಮೆಯಿರಲಿಲ್ಲ. ಸೋಮಾರಿಗೆ ಬೆತ್ತದ ಏಟು. ಎರಡು ಕೈಗಳನ್ನೂ ಕಟ್ಟಿ ಮಾಡಿಗೆ ತೂಗುಬಿಡುವ ಕೋದಂಡ. ಇಲ್ಲವೆ ಎಡೆಬಿಡದೆ ಬಸ್ಕಿ. ಇವೆಲ್ಲವೂ ಕ್ಯಾಂಬೆಲ್ಲನ ಪತ್ರದಲ್ಲಿವೆ. ಅವನು ಬಹುವಾಗಿ ಮೆಚ್ಚಿದುದು ಕಲಿಸುವ ಕ್ರಮದ ಮಿತವ್ಯಯವನ್ನು. ಮೊದಲು ಮರಳಿನಲ್ಲಿ ಬೆರಳಿನಿಂದ ತಿದ್ದುವುದು. ಆಮೇಲೆ ಇದ್ದಲಿನ ಪುಡಿ ಬಳಿದ ಹಲಗೆಯ ಮೇಲೆ, ಇಲ್ಲವೆ ಗಂಜಿ ಹಾಕಿ ಮಡಿಸಿದ ಬಟ್ಟೆಗೆ ಇದ್ದಲನ್ನೂ ಅಂಟನ್ನೂ ಸವರಿದ ಕಡತದ ಮೇಲೆ ಬಳಪದಿಂದ ಬರೆಯುವುದು. ಒದ್ದೆಬಟ್ಟೆಯಿಂದ ಒರಸಿದರೆ ಹಲಗೆ ಮತ್ತೆ ಹೊಸದು. ಚಿಕ್ಕವರಿಗೆ ಹಿರೇಮಣಿಗಳು ಕಲಿಸುವರು. ಮದರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ಈ ಪದ್ಧತಿಯನ್ನು ನೋಡಿ ಅನುಸರಿಸಿ 1797ರಲ್ಲಿ ಪುಸ್ತಕವನ್ನು ಬರೆಯಲಾಗಿ, ಅದು ಇಂಗ್ಲೆಂಡಿನ ಶಾಲೆಗಳಿಗೂ ಹಬ್ಬಿತು.

ಓದುವ ಗ್ರಂಥಗಳು ಬಂದುದೂ ಮನೆಯ ದೇವರ ಹಾದಿಯಲ್ಲಿಯೇ. ರಾಮಾಯಣ, ಭಾರತ, ಭಾಗವತಗಳು ಎಲ್ಲೆಡೆಯೂ ಇದ್ದುವು. ಲಿಂಗಧಾರಿಗಳ ಮಕ್ಕಳಿಗೆ ಬಸವಪುರಾಣ, ಗಿರಿಜಾಕಲ್ಯಾಣ, ಚನ್ನಬಸವಪುರಾಣ; ಕುಶಲಕರ್ಮಿಗಳ ಮಕ್ಕಳಿಗೆ ವಿಶ್ವಕರ್ಮಪುರಾಣ ಮೊದಲಾದುವು. ಆದರೆ ಇವೆಲ್ಲವೂ ಆಡುಮಾತಿಗೆ ದೂರವಾದ ಹಳೆಯ ನುಡಿಯ ಪದ್ಯಗಳು. ಮಕ್ಕಳು ಅರ್ಥವರಿಯದೆ ಬಾಯಿಪಾಠ ಮಾಡುವರು, ಅರ್ಥ ಹೇಳಬಲ್ಲ ಐಗಳೂ ಕೆಲವರೇ ಎಂದು ಕ್ಯಾಂಬೆಲ್ಲನು ದೂರುತ್ತಾನೆ. ಈ ದೂರನ್ನು ತಳ್ಳಿಹಾಕುವಂತಿಲ್ಲ. ಆದರೂ ಗುಡಿಯ ಜಗಲಿಯಲ್ಲಿಯೂ ಮನೆಯ ಪಡಸಾಲೆಯಲ್ಲಿಯೂ ಸಂಜೆ ದೀಪ ಹಚ್ಚಿದ ಮೇಲೆ ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳುವ ಪುರಾಣಶ್ರವಣದ ವಾಡಿಕೆ ನಮ್ಮಲ್ಲಿತ್ತೆಂಬುದನ್ನು ಇದರೊಡನೆ ಸೇರಿಸಿ ನೋಡಬೇಕು. ಬೆಳಗ್ಗೆ ಬಾಯಿಗೆ ಬಂದುದು ಮನಸ್ಸಿಗೆ ಹೋಗುವುದಕ್ಕೆ ಸಂಜೆಯವರೆಗೆ, ಕೆಲವರಿಗೆ ಎಷ್ಟೋ ವರ್ಷಗಳವರೆಗೆ, ಕಾಯಬೇಕಾಗುತ್ತಿತ್ತು.

ಇನ್ನು ಆ ಬಾಗಿಲಿಗೆ ಬಾರದವರ ವಿಚಾರ. ಅಂದಿನ ಬಳ್ಳಾರಿ ಜಿಲ್ಲೆಯು 1882ರಲ್ಲಿ ಬೇರೆಯಾದ ಅನಂತಪುರವನ್ನೂ ಒಳಗೊಂಡಿತ್ತು. ಅದರ ಜನಸಂಖ್ಯೆ 9,27,857. ಶಾಲೆಗಳು 533, ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಓದುವವರು ಒಟ್ಟು 6,641. ಸಾವಿರಕ್ಕೆ ಸುಮಾರು ಏಳು ಮಂದಿ! ಬ್ರಾಹ್ಮಣ ಹುಡುಗರು 1,185, ವೈಶ್ಯರು 981, ಶೂದ್ರರೆಂದು ಬರೆದವರು 2,998, ಇತರ ಜಾತಿಗಳವರು 1,174, ಮುಸಲ್ಮಾನರು 243. ಆದುದರಿಂದ ಓದು ಮೇಲುಜಾತಿಯವರ ಸೊತ್ತು ಮಾತ್ರವಾಗಿತ್ತೆನ್ನುವುದು ಸರಿಯಲ್ಲ. ಆದರೆ ಹೆಣ್ಣುಮಕ್ಕಳು ಎಷ್ಟು? ಇಡೀ ಜಿಲ್ಲೆಯಲ್ಲಿ 60 ಮಂದಿ. ಎಲ್ಲರಿಗಿಂತ ಮೊದಲು ಎದ್ದು, ತಾಯಿಯ ಜೊತೆಯಲ್ಲಿ ಒಲೆ ಹಚ್ಚಿ, ತಮ್ಮನನ್ನು ಹೊತ್ತಿಗೆ ಮುಂಚೆ ಕಳುಹಿಸುತ್ತಿದ್ದ ಅಕ್ಕನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆದವರಿಲ್ಲ.

ಗಂಡುಮಕ್ಕಳಲ್ಲಿಯೂ ಬಡವರು ನಿಲ್ಲಲಾರದೆ ಹೋದರು. ಮರಳಿನಲ್ಲಿ ಬರೆಯುವವನು ತಿಂಗಳಿಗೆ ಕಾಲು ರೂಪಾಯಿಯನ್ನೂ, ಕಾಗದದಲ್ಲಿ ಬರೆಯುವ ಮಟ್ಟಕ್ಕೆ ಬಂದವನು ಅರ್ಧ ರೂಪಾಯಿಯನ್ನೂ ಕೊಡಬೇಕಾಗಿತ್ತು. ಶಾಲೆಗೆ ಹನ್ನೆರಡು ಮಕ್ಕಳಂತೆ ಕಾಲು ರೂಪಾಯಿಯ ಲೆಕ್ಕ ಹಿಡಿದರೆ ಐಗಳಿಗೆ ತಿಂಗಳಿಗೆ ಮೂರು ರೂಪಾಯಿ. ಅಷ್ಟನ್ನು ಕೊಡುವುದೂ ಅನೇಕ ಮನೆಗಳಿಗೆ ಅಸಾಧ್ಯವಾಗುತ್ತಿದ್ದಿತು. ಇದಕ್ಕೆ ಕ್ಯಾಂಬೆಲ್ಲನು ತನ್ನ ಸರ್ಕಾರಕ್ಕೆ ಮುಚ್ಚುಮರೆಯಿಲ್ಲದೆ ಕಾರಣ ತಿಳಿಸಿದನು: ನಾಡು ಬಡವಾಗುತ್ತಿದೆ, ವಿಲಾಯಿತಿಯ ಬಟ್ಟೆ ಬಂದು ಇಲ್ಲಿಯ ನೇಯ್ಗೆಯವರ ಜೀವನ ಕುಗ್ಗಿದೆ, ಎಳೆಯ ಕೈಗಳು ದುಡಿಯಲು ಬಂದೊಡನೆ ಮಕ್ಕಳನ್ನು ಓದು ಬಿಡಿಸಿ ಕೆಲಸಕ್ಕೆ ಹಚ್ಚುತ್ತಾರೆ. ಹಿಂದೆ ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲವೆಂದೂ ಅವನು ಬರೆದನು.

ಕೂಲಿಮಠದ ಬಲವೂ ಬಲಹೀನತೆಯೂ ಒಂದೇ ಕಡೆಯಿಂದ ಬಂದುವು. ಅರಮನೆಯ ಆಶ್ರಯವಿಲ್ಲದೆ, ಸರ್ಕಾರದ ಹಣವಿಲ್ಲದೆ, ಮನೆಯ ಒಲೆಯೂ ಮನೆಯ ಭಕ್ತಿಯೂ ಅದನ್ನು ನಡೆಯಿಸಿದುವು. ಚಳಿಯಲ್ಲಿ ಮಗುವನ್ನು ಎಬ್ಬಿಸುವುದಕ್ಕೆ ಬೇರೆ ಕಾನೂನು ಬೇಕಾಗಿರಲಿಲ್ಲ. ಆದರೆ ಒಲೆ ಆರಿದ ಮನೆಯ ಮಗುವನ್ನು ಮಠಕ್ಕೆ ತರುವ ಶಕ್ತಿ ಆ ಭಕ್ತಿಗೆ ಇರಲಿಲ್ಲ. ಅಕ್ಕನನ್ನು ಕರೆಯಬೇಕೆಂಬ ಎಣಿಕೆಯೂ ಅದಕ್ಕೆ ಹೊಳೆಯಲಿಲ್ಲ. 1854ರ ಶಿಕ್ಷಣ ಪತ್ರದ ತರುವಾಯ ಗ್ರಾಂಟು, ಇನ್‌ಸ್ಪೆಕ್ಟರು, ಅಚ್ಚಾದ ಪಾಠಪುಸ್ತಕ ಇವು ಬಂದು ಶಾಲೆಯ ರೂಪವೇ ಬೇರೆಯಾಯಿತು. ಹಳೆಯ ಮುಂಜಾನೆಯ ಶಿಸ್ತನ್ನು ನೆನೆದು ಕೊಂಡಾಡುವವರು ಆ 6,641 ಮಕ್ಕಳ ಜೊತೆಗೆ ಆ ಚಳಿಯಲ್ಲಿ ಹೊಲಕ್ಕೂ ಮಗ್ಗಕ್ಕೂ ನೀರಿಗೂ ಎದ್ದು ಹೋದ ಉಳಿದ ಮಕ್ಕಳನ್ನೂ ಎಣಿಸಬೇಕು. ಅವರೂ ನಕ್ಷತ್ರಗಳಿರುವಾಗಲೇ ಎದ್ದವರು.