ಅಳಿಯಂದಿರ ಲಾರಿ

ಮಗಳ ಬಾಣಂತನಕ್ಕೆಂದು 2018ರಲ್ಲಿ ಟೆಕ್ಸಾಸಿನ ಆಸ್ಟಿನ್ನಿಗೆ ಹೊರಟಾಗ ನನ್ನ ಪೆಟ್ಟಿಗೆಯಲ್ಲಿ ಲೇಹ್ಯದ ಡಬ್ಬಿ, ಬಜೆ ಬೇರು, ಮೆತ್ತಗಿನ ಹಳೇ ಸೀರೆಯ ತುಂಡುಗಳಿದ್ದವು. ಲಾರಿಯ ಚರಿತ್ರೆ ಕಲಿತು ಬರುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಹೋದ ಮಾರನೇ ದಿನವೇ ಮಗಳು, "ಅಮ್ಮಾ, ಇವರ ಗ್ಯಾಸ್ ಟ್ರಕ್ಕು ಗ್ಯಾರೇಜಿನಲ್ಲಿದೆ, ಕತ್ತಲಲ್ಲಿ ಎಡವೀಯೆ" ಎಂದಳು. ಗ್ಯಾಸ್ ಎಂದೊಡನೆ ನನ್ನ ಕಣ್ಣ ಮುಂದೆ ಬಂದದ್ದು ಅಡುಗೆಮನೆಯ ಕೆಂಪು ಸಿಲಿಂಡರು. ಹಸುಗೂಸಿರುವ ಮನೆಯಲ್ಲಿ ಇದೇನು ಆಟವಪ್ಪಾ ಎಂದು ಎದೆ ಧಸಕ್ಕೆಂದಿತು. ಅಲ್ಲಿಯವರು ಪೆಟ್ರೋಲಿಗೇ ಗ್ಯಾಸ್ ಎನ್ನುತ್ತಾರೆಂದು ಆಮೇಲೆ ತಿಳಿಯಿತು.

ಹೋಗಿ ನೋಡಿದೆ. ಆಟದ ಲಾರಿಯೇ, ಆದರೆ ಮಕ್ಕಳು ದಾರ ಕಟ್ಟಿ ಎಳೆಯುವಂಥದ್ದಲ್ಲ. ನಿಜವಾದ ಗಾಡಿಯ ಐದನೇ ಒಂದರ ಅಳತೆ, ಮೂರಡಿ ಉದ್ದ, ಹತ್ತಿರ ಹತ್ತಿರ ಹದಿನೈದು ಕೆ.ಜಿ. ತೂಕ. ಒಳಗೆ 23 ಸಿ.ಸಿ. ಎಂಜಿನ್. ನಾನು ಶಾಲೆಗೆ ಓಡಿಸುತ್ತಿದ್ದ ಮೊಪೆಡ್ಡಿನದು 50 ಸಿ.ಸಿ. ಆಗಿತ್ತು, ಅದಕ್ಕೆ ಹಾಕಿಸುತ್ತಿದ್ದ ಹಾಗೆ ಇದಕ್ಕೂ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ನಡೆಸುವುದು ದೂರದಿಂದ, ಕೈಯಲ್ಲಿ ಹಿಡಿದ ರೇಡಿಯೋದಿಂದ. ನಮ್ಮ ಅಳಿಯಂದಿರು ಭಾನುವಾರ ಬಂತೆಂದರೆ ಅದರ ಮುಂದೆ ಕೂತುಬಿಡುತ್ತಿದ್ದರು. ಒಮ್ಮೆ ಓಡಿಸುವುದು, ಮೂರು ಸಲ ಬಿಚ್ಚುವುದು. ಇಷ್ಟು ದುಡ್ಡಿನಲ್ಲಿ ಮಗುವಿಗೊಂದು ಸರ ಬರುತ್ತಿತ್ತಲ್ಲ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ, ಬಾಯಿ ಬಿಡಲಿಲ್ಲ.

ಬಾಣಂತಿ, ಮಗು ಇಬ್ಬರೂ ಮಲಗಿದ ಮಧ್ಯಾಹ್ನಗಳು ಉದ್ದ. ಸಮಾಜ ಪಾಠ ಹೇಳುವವಳಿಗೆ ಯಾವ ವಸ್ತು ಕಂಡರೂ ಇದು ಎಲ್ಲಿಂದ ಬಂತು ಎಂದು ಕೇಳುವ ಚಾಳಿ. ಅಳಿಯಂದಿರನ್ನು ಕೇಳಿದೆ, ಅವರ ಪುಸ್ತಕಗಳನ್ನೂ ತಿರುವಿ ಹಾಕಿದೆ.

ಇದರ ಮೂಲಪುರುಷ ನಿಕೋಲಾ ಟೆಸ್ಲಾ. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನೀರಿನ ತೊಟ್ಟಿಯೊಳಗೆ ಚಿಕ್ಕ ದೋಣಿ ಬಿಟ್ಟು, ಮುಟ್ಟದೆ ಅದನ್ನು ತಿರುಗಿಸಿ ತೋರಿಸಿದ. ಅದೇ ನವೆಂಬರಿನಲ್ಲಿ ಸಿಕ್ಕ ಪೇಟೆಂಟಿನ ಹೆಸರಿನಲ್ಲಿ ದೋಣಿಗಳ ಜೊತೆಗೆ ವಾಹನಗಳನ್ನೂ ಸೇರಿಸಿಟ್ಟಿದ್ದ. ಆದರೆ ಅಂಥ ವಾಹನ ಆಟಿಕೆಯಾಗಿ ಅಂಗಡಿಗೆ ಬರಲು ದಶಕಗಳೇ ಹಿಡಿದವು. 1966ರಲ್ಲಿ ಇಟಲಿಯಲ್ಲಿ ಫೆರಾರಿ ಕಾರಿನ ಪುಟ್ಟ ಮಾದರಿ ಬಂತು. 1976ರಲ್ಲಿ ಜಪಾನಿನ ತಾಮಿಯಾ ಪೋರ್ಷೆ ಕಾರನ್ನು ತಂದಿತು; 1987ರಲ್ಲಿ ಅದೇ ಕಂಪನಿಯಿಂದ ಕ್ಲಾಡ್ ಬಸ್ಟರ್ ಎಂಬ ದಪ್ಪಗಾಲಿಯ ಟ್ರಕ್ಕು. ಇವೆಲ್ಲ ಬ್ಯಾಟರಿಯವು.

ಎಂಜಿನ್ ಬೇಕೆಂದವರು ವಿಮಾನದ ಮಾದರಿಗಳಲ್ಲಿದ್ದ ಗ್ಲೋ ಎಂಜಿನ್ನುಗಳನ್ನು ಕೂರಿಸಿದರು. ಅದಕ್ಕೆ ಪೆಟ್ರೋಲಲ್ಲ, ಮೆಥನಾಲು, ನೈಟ್ರೋಮೀಥೇನು, ಎಣ್ಣೆ ಸೇರಿದ ದುಬಾರಿ ದ್ರವ ಬೇಕು. ಹಾಗಾದರೆ ಬೀದಿಬದಿಯ ಬಂಕಿನಲ್ಲಿ ಸಿಗುವ ಪೆಟ್ರೋಲನ್ನು ಬಿಟ್ಟದ್ದೇಕೆ?

ಇಲ್ಲಿದೆ ನನಗೆ ಬಲು ಹಿಡಿಸಿದ ಸಂಗತಿ. ಪೆಟ್ರೋಲ್ ಎಂಜಿನ್ನಿಗೆ ಪ್ಲಗ್ಗಿನ ಕಿಡಿ ಬೇಕು. 1887-88ರಲ್ಲಿ ಜರ್ಮನಿಯ ಹೈನ್ರಿಚ್ ಹರ್ಟ್ಸ್ ಕಿಡಿ ಹಾರಿಸಿಯೇ ಅಲ್ಲವೇ ರೇಡಿಯೋ ಅಲೆ ಎಬ್ಬಿಸಿ ತೋರಿಸಿದ್ದು? ಅಂದರೆ ಪ್ಲಗ್ಗು ತಾನೇ ಒಂದು ಒರಟು ರೇಡಿಯೋ ಸ್ಟೇಷನ್ನು! ನಮ್ಮ ಕಾಲದಲ್ಲಿ ಮನೆ ಮುಂದೆ ಸ್ಕೂಟರ್ ಹೋದರೆ ರೇಡಿಯೋ ಗರಗರ ಅನ್ನುತ್ತಿದ್ದುದು, ಭಾನುವಾರದ ಸಿನಿಮಾದ ನಡುವೆ ಟಿವಿಯಲ್ಲಿ ಗೆರೆಗಳು ಓಡುತ್ತಿದ್ದುದು ನೆನಪಿದೆಯೇ? ಅದೇ ಕಾಟ ಈ ಲಾರಿಗೂ. ಕೈಯ ರೇಡಿಯೋ ಹೇಳುವ ಮಾತು ಪ್ಲಗ್ಗಿನ ಗಲಾಟೆಯಲ್ಲಿ ಕೇಳಿಸದು. ಒಂದೇ ಗಾಡಿಯಲ್ಲಿ ಅತ್ತೆ ಸೊಸೆ ಒಟ್ಟಿಗೆ ಮಾತಾಡಿದ ಹಾಗೆ! ಪ್ಲಗ್ಗಿಗೆ ರೆಸಿಸ್ಟರ್ ಸೇರಿಸಿದರು, ರಿಸೀವರನ್ನು ಎಂಜಿನ್ನಿನಿಂದ ದೂರ ಕೂರಿಸಿದರು. ಜರ್ಮನಿಯ ಎಫ್‌ಜಿ ಕಂಪನಿಯವರು ಹೀಗೆಲ್ಲ ಪಳಗಿಸಿದ ದೊಡ್ಡ ಗಾಡಿಗಳನ್ನು ಬಹಳ ಹಿಂದೆಯೇ ಮಾಡಿದ್ದರು. 2005ರ ಸುಮಾರಿಗೆ ಆಟಿಕೆಗಳಿಗೂ 2.4 ಗಿಗಾಹರ್ಟ್ಸ್ ರೇಡಿಯೋ ಬಂದ ಮೇಲೆ ಜಗಳ ಹೆಚ್ಚುಕಡಿಮೆ ತಣ್ಣಗಾಯಿತು. 2006ರಲ್ಲಿ ಎಚ್‌ಪಿಐ ಕಂಪನಿಯ ಬಾಹಾ ಗಾಡಿ ಬಂದಮೇಲಂತೂ ಈ ಹುಚ್ಚು ಅಮೆರಿಕದಲ್ಲಿ ಹಬ್ಬಿತು. ಎಂಜಿನ್ನಿಗೇನೂ ಹೊಸ ವಂಶವಿಲ್ಲ. ಈಗ ನಮ್ಮ ಮಲೆನಾಡಿನ ತೋಟಗಳಲ್ಲಿ ಗುರ್ರೆನ್ನುವ ಕಳೆ ಕತ್ತರಿಸುವ ಯಂತ್ರದ್ದೇ ಜಾತಿ.

ರೇಡಿಯೋ ಸರಿಹೋಯಿತು, ತೂಕ ಉಳಿಯಿತು. ಗೃಹಬಂಧನದಲ್ಲಿದ್ದ ಗೆಲಿಲಿಯೋನ ಕೊನೆಯ ಪುಸ್ತಕ 1638ರಲ್ಲಿ ಲೈಡನ್ನಿನಲ್ಲಿ ಅಚ್ಚಾಯಿತು. ಪ್ರಾಣಿ ದೊಡ್ಡದಾದರೆ ಎಲುಬು ಅದೇ ಆಕಾರದಲ್ಲಿ ಬೆಳೆದರೆ ಸಾಲದು, ಇನ್ನೂ ದಪ್ಪವಾಗಬೇಕೆಂದು ಚಿತ್ರ ಬರೆದು ತೋರಿಸಿದ್ದಾನೆ. ಹತ್ತನೇ ಒಂದರ ಅಳತೆಯ ಗಾಡಿಯನ್ನು ಐದನೇ ಒಂದಕ್ಕೆ ಹಿಗ್ಗಿಸಿದರೆ ಉದ್ದ ಎರಡು ಪಟ್ಟು, ಕಂಬಿಯ ಅಡ್ಡಗಲದ ವಿಸ್ತೀರ್ಣ ನಾಲ್ಕು ಪಟ್ಟು, ತೂಕ ಮಾತ್ರ ಎಂಟು ಪಟ್ಟು. ಚಿಕ್ಕದು ಹಾರಿ ಬಿದ್ದು ಎದ್ದು ಓಡುವಲ್ಲಿ ದೊಡ್ಡದು ಕಾಲು ಮುರಿದುಕೊಳ್ಳುತ್ತದೆ.

ಅಳಿಯಂದಿರ ಲಾರಿಯಲ್ಲಿ ಮುಂದಿನ ಗಾಲಿ ಹಿಡಿಯುವ ಪ್ಲಾಸ್ಟಿಕ್ ತೋಳು ಮತ್ತೆ ಮತ್ತೆ ಮುರಿಯುತ್ತಿತ್ತು. ಬೇಸತ್ತು ಅಲ್ಯೂಮಿನಿಯಂ ತೋಳು ಹಾಕಿದರು. ಮುಂದಿನ ವಾರ ತೋಳು ನೆಟ್ಟಗಿತ್ತು, ಅದನ್ನು ಕೂರಿಸಿದ್ದ ಚಾಸಿಯೇ ಬಿರುಕು ಬಿಟ್ಟಿತ್ತು. ನನಗೆ ತಡೆಯಲಾಗಲಿಲ್ಲ. "ಪ್ಲೇಟು ಅತಿ ಬಿಗಿ ಮಾಡಿದರೆ ಚಾಸಿ ಸೀಳುತ್ತೆ" ಎಂದೆ. ಅವರು ಬೆರಗಾಗಿ ನೋಡಿದರು.

ಮಾತು ನನ್ನದಲ್ಲ, ನಮ್ಮಪ್ಪನದು. ದಾವಣಗೆರೆಯಲ್ಲಿ ಅವರದ್ದು ಲಾರಿ ರಿಪೇರಿ ಶೆಡ್ಡು. ಬುತ್ತಿ ಕೊಡಲು ಹೋದವಳು ಬಾಗಿಲಲ್ಲೇ ನಿಂತು ಕಿವಿಗೊಡುತ್ತಿದ್ದೆ. ಒಳಗೆ ಕಾಲಿಟ್ಟರೆ, "ಹೆಣ್ಣುಮಗಳಿಗೆ ಪಾನಾ ಯಾಕವ್ವ, ಪುಸ್ತಕ ಹಿಡಿ" ಎನ್ನುತ್ತಿದ್ದರು. ತಮ್ಮನಿಗೆ ಹಾಗೆಂದದ್ದು ನಾನು ಕೇಳಲಿಲ್ಲ. ಪುಸ್ತಕವೇ ನನಗೆ ಅನ್ನ ಕೊಟ್ಟಿತು, ದೂರುವಂತಿಲ್ಲ. ಆದರೂ ಅಂದು ಅಳಿಯಂದಿರು, "ಅತ್ತೆ, ಈ ನಟ್ಟು ಹಿಡಿದುಕೊಳ್ತೀರಾ?" ಎಂದಾಗ ಸೆರಗು ಸಿಕ್ಕಿಸಿ ಕೂತುಬಿಟ್ಟೆ. ಪ್ಲಾಸ್ಟಿಕ್ ತೋಳೇ ಮತ್ತೆ ಬಂತು. ಅಗ್ಗದ್ದು ಮುರಿಯಲಿ, ಬೆಲೆಯದ್ದು ಉಳಿಯಲಿ ಎಂಬ ಲೆಕ್ಕ.

ಮಗುವಿಗೆ ಮೂರು ತಿಂಗಳು ತುಂಬಿದ ವಾರ ಎಲ್ಲರೂ ಬಯಲಿಗೆ ಹೋಗಿದ್ದೆವು. ಲಾರಿ ಆಚೆ ತುದಿಯಿಂದ ಧೂಳೆಬ್ಬಿಸುತ್ತ ಬರುತ್ತಿತ್ತು. ಅಳಿಯಂದಿರು ತಿರುಗಿಸಿದರು, ತಿರುಗಲಿಲ್ಲ. ಬ್ರೇಕ್ ಹಿಡಿದರು, ನಿಲ್ಲಲಿಲ್ಲ. ಎಂಜಿನ್ ಭೋರೆನ್ನುತ್ತ ನೇರ ನಮ್ಮತ್ತಲೇ. ನಾನು ಮಗುವನ್ನು ಗಾಡಿಯಿಂದ ಬಾಚಿಕೊಂಡದ್ದಷ್ಟೇ ಗೊತ್ತು. ಹದಿನೈದು ಅಡಿ ಆಚೆಯ ಮರಕ್ಕೆ ಬಡಿದು ಅದು ಮಗುಚಿತು. ಮಗಳು ಗಂಡನ ಮುಖ ನೋಡಲಿಲ್ಲ.

ಕಂಪನಕ್ಕೆ ಬ್ಯಾಟರಿಯ ವಯರು ಕಳಚಿತ್ತು. ಸಿಗ್ನಲ್ ತಪ್ಪಿದರೆ ತಾನೇ ಬ್ರೇಕ್ ಹಾಕುವ ಏರ್ಪಾಡೇನೋ ರಿಸೀವರಿನಲ್ಲಿತ್ತು, ಆದರೆ ಅದಕ್ಕೂ ಅದೇ ಬ್ಯಾಟರಿಯ ಶಕ್ತಿ ಬೇಕು. ಎಂಜಿನ್ನಿಗೋ ಬ್ಯಾಟರಿಯ ಹಂಗಿಲ್ಲ. ಚಕ್ರದಲ್ಲಿರುವ ಅಯಸ್ಕಾಂತ ಸೈಕಲ್ಲಿನ ಡೈನಮೋದಂತೆ ತಾನೇ ಕಿಡಿ ಹುಟ್ಟಿಸಿಕೊಳ್ಳುತ್ತದೆ. ಕಾವಲುಗಾರ ಸತ್ತ, ಆನೆ ಬದುಕಿತ್ತು.

"ಇದಕ್ಕೆ ಬೇರೆ ಲಗಾಮು ಹಾಕುವವರೆಗೆ ಮಗುವಿರುವ ಕಡೆ ತರಬೇಡಿ" ಎಂದೆ. ಅಳಿಯಂದಿರಿಗೆ ನಾನು ಗಟ್ಟಿಯಾಗಿ ಹೇಳಿದ ಮೊದಲ ಮಾತು ಅದು. ಎರಡು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ತಾವೇ ಬಂದು ಹೇಳಿದರು: 1981ರಲ್ಲಿ ಮಿಸೌರಿಯ ಬಾಬ್ ಚಾಂಡ್ಲರ್ ತಮ್ಮ ಬಿಗ್‌ಫುಟ್ ಎಂಬ ನಿಜವಾದ ದೈತ್ಯ ಟ್ರಕ್ಕನ್ನು ಹಳೇ ಕಾರುಗಳ ಮೇಲೆ ಹತ್ತಿಸಿದ ಮೇಲೆ ಅಂಥ ಪಂದ್ಯಗಳು ಜೋರಾದವು; ಆ ಲಾರಿಗಳವರು 1988ರಲ್ಲಿ ಕಟ್ಟಿಕೊಂಡ ಸಂಘದ ನಿಯಮದಲ್ಲಿ, ಒಳಗೆ ಡ್ರೈವರ್ ಇದ್ದರೂ ಹೊರಗೆ ನಿಂತವರೊಬ್ಬರು ರೇಡಿಯೋದಿಂದ ಎಂಜಿನ್ನಿನ ಕಿಡಿ ಆರಿಸುವ ಏರ್ಪಾಡಿರಬೇಕು. ಡ್ರೈವರ್ ಕೂತ ಲಾರಿಗೇ ಅಂಥ ಕಾವಲಿದೆ, ಡ್ರೈವರೇ ಇಲ್ಲದ ತನ್ನದಕ್ಕಿರಲಿಲ್ಲ ಎಂದು ತಲೆ ತಗ್ಗಿಸಿದರು.

ಒಂದು ಸ್ವಿಚ್ಚು ತರಿಸಿದರು. ಸಿಗ್ನಲ್ ಹೋದರೂ ಬ್ಯಾಟರಿ ಸತ್ತರೂ ಕಿಡಿಯ ಕರೆಂಟನ್ನು ನೆಲ ಮುಟ್ಟಿಸಿ ಎಂಜಿನ್ ಆರಿಸುವಂಥದ್ದು. ಜೊತೆಗೆ ಥ್ರಾಟಲ್ ತಾನಾಗಿ ಹಿಂದೆ ಬರಲೆಂದು ಒಂದು ಸ್ಪ್ರಿಂಗು. ರಾತ್ರಿ ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದು, ಲಾರಿಯ ಗಾಲಿಗಳನ್ನು ಮೇಲೆತ್ತಿ ನಿಲ್ಲಿಸಿ, ಎಂಜಿನ್ ಹಚ್ಚಿ, "ಅತ್ತೆ, ನೀವೇ ವಯರು ಎಳೆಯಿರಿ" ಎಂದರು. ಎಳೆದೆ. ಗಕ್ಕನೆ ನಿಂತಿತು.

"ಇನ್ನೊಂದು ಸಲ" ಎಂದೆ.

ಮೂರು ಸಲ ಎಳೆದೆ, ಮೂರು ಸಲವೂ ನಿಂತಿತು. ಅಷ್ಟರಲ್ಲಿ ಒಳಗೆ ಮಗು ಎದ್ದು ಅಳತೊಡಗಿತು. ಎರಡು ಸಲ ಸೋಪು ಹಾಕಿ ಕೈ ತೊಳೆದರೂ ಪೆಟ್ರೋಲಿನ ವಾಸನೆ ಹೋಗಲಿಲ್ಲ. ಸಂಜೆ ಮನೆಗೆ ಬಂದ ಅಪ್ಪನ ಅಂಗಿಯೂ ಹೀಗೇ ನಾರುತ್ತಿತ್ತು. ಹಾಗೆಯೇ ಮಗುವನ್ನೆತ್ತಿಕೊಂಡೆ.