ಬಿಡ್ಡು ಅಪ್ಪಯ್ಯ

ಬೆಂಗಳೂರಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಸಂಗೀತ ಸಂಯೋಜಕ, ಗಾಯಕ, ರೆಕಾರ್ಡ್ ನಿರ್ಮಾಪಕ. ಬ್ರಿಟನ್ನಿನಲ್ಲಿ ಡಿಸ್ಕೊ ಬೇರೂರಲು ಕಾರಣರಾದವರಲ್ಲಿ ಒಬ್ಬರು. ಭಾರತದಲ್ಲಿ ಸಿನಿಮಾದ ಹಂಗಿಲ್ಲದ ಪಾಪ್ ಸಂಗೀತಕ್ಕೆ ಮಾರುಕಟ್ಟೆ ತೆರೆದದ್ದರಲ್ಲೂ ಇವರ ಪಾಲು ದೊಡ್ಡದು. ಬಿಡ್ಡು ಎಂಬ ಒಂದೇ ಹೆಸರಿನಿಂದ ಪ್ರಸಿದ್ಧರು. ಗಾಯಕನಾಗಬೇಕೆಂದು ಮನೆ ಬಿಟ್ಟವರಿಗೆ ಕೀರ್ತಿ ಬಂದದ್ದು ಬೇರೆಯವರನ್ನು ಹಾಡಿಸಿದ್ದರಿಂದ.

ಕೊಡವ ಮನೆತನದ ಬಿಡ್ಡು ರೇಡಿಯೊದಲ್ಲಿ ಪಾಶ್ಚಾತ್ಯ ಪಾಪ್ ಕೇಳುತ್ತ ಗಿಟಾರ್ ಹಿಡಿದ ತಲೆಮಾರಿನವರು. 1960ರ ದಶಕದಲ್ಲಿ ಗೆಳೆಯರೊಡನೆ ಟ್ರೋಜನ್ಸ್ ಎಂಬ ತಂಡ ಕಟ್ಟಿ, ಬೀಟಲ್ಸ್ ಮಾದರಿಯ ಹಾಡುಗಳನ್ನು ಬೆಂಗಳೂರಿನಲ್ಲೂ ಕಲ್ಕತ್ತೆಯ ಪಾರ್ಕ್ ಸ್ಟ್ರೀಟಿನ ಟ್ರಿಂಕಾಸ್ ರೆಸ್ಟೊರೆಂಟಿನಲ್ಲೂ ಹಾಡಿದರು. ತಂಡ ಚದುರಿದ ಮೇಲೆ 'ಲೋನ್ ಟ್ರೋಜನ್' ಎಂದು ಹೆಸರಿಟ್ಟುಕೊಂಡು ಒಬ್ಬರೇ ವೇದಿಕೆ ಏರಿದರು. ಆ ಕಾಲದ ಭಾರತದಲ್ಲಿ ಇಂಗ್ಲಿಷ್ ಪಾಪ್ ಗಾಯಕನಿಗೆ ಹೋಟೆಲಿನ ವೇದಿಕೆಯಿಂದಾಚೆ ಹೆಚ್ಚಿನ ದಾರಿಯಿರಲಿಲ್ಲ. 1967ರಲ್ಲಿ ಬಿಡ್ಡು ಹಾಡಿಕೊಂಡೇ ಮಧ್ಯಪ್ರಾಚ್ಯವನ್ನು ದಾಟಿ ಲಂಡನ್ ಸೇರಿದರು. ಅಲ್ಲಿ ಹೊಟ್ಟೆಪಾಡಿಗೆ ಅಮೆರಿಕದ ರಾಯಭಾರ ಕಚೇರಿಯ ಅಡುಗೆಮನೆಯಲ್ಲೂ ದುಡಿದರು. ತಾವೇ ಹಾಡಿದ ರೆಕಾರ್ಡುಗಳು ಹೊರಬಂದವು. ಯಾರೂ ಅಷ್ಟಾಗಿ ಕೊಳ್ಳಲಿಲ್ಲ. 1969ರಲ್ಲಿ ಜಪಾನಿನ ಟೈಗರ್ಸ್ ತಂಡಕ್ಕಾಗಿ 'ಸ್ಮೈಲ್ ಫಾರ್ ಮಿ' ಹಾಡನ್ನು ಧ್ವನಿಮುದ್ರಿಸುವ ಹೊಣೆ ಸಿಕ್ಕಿದ್ದು ನಿರ್ಮಾಪಕನಾಗಿ ಅವರ ಮೊದಲ ಗಟ್ಟಿ ಹೆಜ್ಜೆ.

1974ರ 'ಕುಂಗ್ ಫೂ ಫೈಟಿಂಗ್' ಅವರ ಬದುಕನ್ನೇ ತಿರುಗಿಸಿತು. ತಮಾಷೆಯೆಂದರೆ, ಇದು ಗೆಲ್ಲಲೆಂದು ಮಾಡಿದ ಹಾಡೇ ಅಲ್ಲ. ಜಮೈಕಾ ಮೂಲದ ಕಾರ್ಲ್ ಡಗ್ಲಸ್ ಅವರಿಂದ ಬೇರೊಂದು ಹಾಡನ್ನು ಹಾಡಿಸಲು ಸ್ಟುಡಿಯೊ ಹಿಡಿದಿದ್ದರು. ರೆಕಾರ್ಡಿನ ಹಿಂಬದಿ ತುಂಬಲು ಏನಾದರೂ ಬೇಕಿತ್ತು. ಬ್ರೂಸ್ ಲೀ ಚಿತ್ರಗಳ ಹುಚ್ಚು ಹಬ್ಬಿದ್ದ ದಿನಗಳವು. ಡಗ್ಲಸ್ ಬರೆದು ತಂದಿದ್ದ ಸಾಲುಗಳಿಗೆ ಬಿಡ್ಡು ರಾಗ ಹಾಕಿ, ಉಳಿದ ಹತ್ತು ನಿಮಿಷದಲ್ಲಿ ಮುಗಿಸಿದ್ದಾಗಿ ಹೇಳಿಕೊಂಡಿದ್ದಾರೆ. ಹಿಂಬದಿಯ ಹಾಡೆಂದ ಮೇಲೆ ಅಳುಕೇಕೆ? ಕುಂಗ್ ಫೂ ಪಟುಗಳ ಹೂಂಕಾರಗಳನ್ನು ಧಾರಾಳವಾಗಿ ಸುರಿದರು. ಪೈ ರೆಕಾರ್ಡ್ಸ್ ಕಂಪನಿಯ ರಾಬಿನ್ ಬ್ಲಾಂಚ್‌ಫ್ಲವರ್ ಕೇಳಿದವರೇ ಇದನ್ನೇ ಮುಂಬದಿಗೆ ಹಾಕಬೇಕೆಂದರು. ರೇಡಿಯೊ ಮೊದಮೊದಲು ಕಡೆಗಣಿಸಿದ ಹಾಡನ್ನು ಡ್ಯಾನ್ಸ್ ಕ್ಲಬ್ಬುಗಳು ಎತ್ತಿಕೊಂಡವು. ಸೆಪ್ಟೆಂಬರಿನಲ್ಲಿ ಅದು ಬ್ರಿಟನ್ನಿನ ಪಟ್ಟಿಯ ತುದಿಗೇರಿತು, ಡಿಸೆಂಬರಿನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೆ. ಪೂರ್ವದೇಶಗಳ ಸಂಗೀತವೆಂದರೆ ಹೀಗೇ ಎಂಬ ಪಾಶ್ಚಾತ್ಯರ ಸವಕಲು ಕಲ್ಪನೆ ಅದರಲ್ಲಿದೆ, ನಿಜ. ಆದರೆ ತಾಳದ ಬಿಗಿಯೂ ಅಷ್ಟೇ ನಿಜ.

ಈ ಗೆಲುವಿನಿಂದ ಬಿಡ್ಡು ಅವರ ಶೈಲಿ ನೆಲೆ ಕಂಡಿತು. ತಪ್ಪದೆ ಬೀಳುವ ನಾಲ್ಕು ಡ್ರಮ್ ಪೆಟ್ಟು, ಅದರ ಮೇಲೆ ತೇಲುವ ಪಿಟೀಲುಗಳ ಸಮೂಹ, ಒಮ್ಮೆ ಕೇಳಿದರೆ ನಾಲಗೆಗೆ ಅಂಟುವ ಪಲ್ಲವಿ. ವಾದ್ಯಸಂಯೋಜಕ ಗೆರ್ರಿ ಶೂರಿ ಇದರಲ್ಲಿ ಸಮಪಾಲುದಾರರು. ಬಿಡ್ಡು ಆರ್ಕೆಸ್ಟ್ರಾ ಹೆಸರಿನಲ್ಲಿ 'ಸಮ್ಮರ್ ಆಫ್ 42', 'ರೇನ್ ಫಾರೆಸ್ಟ್' ಮುಂತಾದ ವಾದ್ಯಸಂಗೀತದ ರೆಕಾರ್ಡುಗಳು ಬಂದವು. ಟೀನಾ ಚಾರ್ಲ್ಸ್ ಹಾಡಿದ 'ಐ ಲವ್ ಟು ಲವ್' 1976ರ ಮಾರ್ಚಿನಲ್ಲಿ ಮೂರು ವಾರ ಬ್ರಿಟನ್ನಿನ ಮೊದಲ ಸ್ಥಾನದಲ್ಲಿತ್ತು. ಜಿಮ್ಮಿ ಜೇಮ್ಸ್ ಮತ್ತು ವಾಗಬಾಂಡ್ಸ್ ತಂಡಕ್ಕೂ ಹಾಡುಗಳನ್ನು ಕೊಟ್ಟರು. ಟೀನಾರ ಹಿನ್ನೆಲೆ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಟ್ರೆವರ್ ಹಾರ್ನ್ ಮುಂದೆ 1980ರ ದಶಕದ ಹೆಸರಾಂತ ಬ್ರಿಟಿಷ್ ನಿರ್ಮಾಪಕರಾದರು.

ಪಶ್ಚಿಮದಲ್ಲಿ ಡಿಸ್ಕೊ ಇಳಿಮುಖವಾಗುವ ಹೊತ್ತಿಗೆ ಭಾರತ ಬಿಡ್ಡು ಅವರನ್ನು ಕರೆಯಿತು. ಫಿರೋಜ್ ಖಾನ್ ತಮ್ಮ 'ಕುರ್ಬಾನಿ' (1980) ಚಿತ್ರಕ್ಕೆ ಒಂದೇ ಒಂದು ಹಾಡು ಕೇಳಿದರು. ಉಳಿದ ಸಂಗೀತ ಕಲ್ಯಾಣ್‌ಜಿ–ಆನಂದ್‌ಜಿ ಅವರದು. ಲಂಡನ್ನಿನಲ್ಲಿ ಓದುತ್ತಿದ್ದ ಪಾಕಿಸ್ತಾನಿ ಹುಡುಗಿ ನಾಜಿಯಾ ಹಸನ್ ಹಾಡಿದ 'ಆಪ್ ಜೈಸಾ ಕೋಯಿ' ಹೀಗೆ ಹುಟ್ಟಿತು. ಮುಂಬೈಯ ಹಿನ್ನೆಲೆ ಗಾಯನದ ಪಳಗಿದ ದನಿಗಳಿಗೆ ಒಗ್ಗಿದ್ದ ಕಿವಿಗೆ, ಮೂಗಿನ ಎಳೆಯಿದ್ದ, ಹದಿಹರೆಯದ ಆ ದನಿ ತೀರ ಹೊಸದು. ಅದನ್ನು ತಿದ್ದಿ ತೀಡದೆ, ಅದರ ಹುಡುಗುತನವನ್ನೇ ಎತ್ತಿ ಹಿಡಿದದ್ದು ಬಿಡ್ಡು ಅವರ ಜಾಣ್ಮೆ. ಈ ಹಾಡಿಗಾಗಿ ನಾಜಿಯಾಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂದಿತು. ಮರುವರ್ಷ ನಾಜಿಯಾ ಮತ್ತು ಆಕೆಯ ತಮ್ಮ ಜೋಹೆಬ್ ಅವರೊಡನೆ ತಂದ 'ಡಿಸ್ಕೊ ದೀವಾನೆ' ಆಲ್ಬಮ್ ಯಾವ ಸಿನಿಮಾದ ಊರುಗೋಲೂ ಇಲ್ಲದೆ ಭಾರತ, ಪಾಕಿಸ್ತಾನ ಎರಡೂ ದೇಶಗಳಲ್ಲಿ ಬಿಸಿದೋಸೆಯಂತೆ ಖರ್ಚಾಯಿತು. ಇವರ ಬಹುದೊಡ್ಡ ಸಾಧನೆ ಯಾವುದೆಂದು ಕೇಳಿದರೆ, ಬಿಲ್‌ಬೋರ್ಡಿನ ಮೊದಲ ಸ್ಥಾನಕ್ಕಿಂತ ಈ ಆಲ್ಬಮ್ಮನ್ನೇ ಮುಂದಿಡಬೇಕು. ಇವರ ಸಂಗೀತವಿದ್ದ 1982ರ 'ಸ್ಟಾರ್' ಚಿತ್ರ ಸೋತರೂ ಅದರ 'ಬೂಮ್ ಬೂಮ್' ಹಾಡು ಉಳಿಯಿತು.

ಉಪಗ್ರಹ ಟಿವಿ ಬಂದ ಮೇಲೆ ಸಿನಿಮಾದ ಹಂಗಿಲ್ಲದ ಪಾಪ್‌ನ ದಾರಿ ಇನ್ನಷ್ಟು ಅಗಲವಾಯಿತು. 1995ರಲ್ಲಿ ಅಲೀಶಾ ಚಿನಾಯ್ ಹಾಡಿದ 'ಮೇಡ್ ಇನ್ ಇಂಡಿಯಾ' ಬಿಡ್ಡು ಅವರದೇ ಸಂಯೋಜನೆ. ಮಿಲಿಂದ್ ಸೋಮನ್ ಕಾಣಿಸಿಕೊಂಡ ಅದರ ವಿಡಿಯೊ ಇಂಡಿಪಾಪ್ ಯುಗದ ಗುರುತಾಯಿತು. 2010ರಲ್ಲಿ ಪ್ರಕಟವಾದ ಆತ್ಮಕಥೆಗೂ ಅವರು ಇದೇ ಹೆಸರಿಟ್ಟರು. ನಾಜಿಯಾ 2000ದಲ್ಲಿ ಲಂಡನ್ನಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. 2012ರ 'ಸ್ಟೂಡೆಂಟ್ ಆಫ್ ದಿ ಇಯರ್' ಚಿತ್ರ 'ಡಿಸ್ಕೊ ದೀವಾನೆ'ಯನ್ನು ಹೊಸದಾಗಿ ಬಳಸಿಕೊಂಡಾಗಲೂ ನಾಜಿಯಾರ ಮೂಲ ದನಿಯನ್ನು ಉಳಿಸಿಕೊಂಡಿತು.